ಏನೂ ಮಾಡದ ಸಾಲು

ಮೆಣಸಿನ ಬಳ್ಳಿಗೆ ಮಾಡಬಹುದಾದ ಉಪಚಾರವನ್ನೆಲ್ಲ ಮಾಡಿ ಮುಗಿಸಿದವರು ಮಲ್ಲಿಕಾರ್ಜುನಪ್ಪನವರು. ಮಳೆ ಹಿಡಿಯುವ ಮೊದಲೊಂದು ಸಲ, ನಡುವೆ ಮಳೆ ಬಿಟ್ಟು ಹೊಳವಾದಾಗ ಇನ್ನೊಂದು ಸಲ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ. ಬುಡಕ್ಕೆ ಬೇವಿನ ಹಿಂಡಿ. ನೀರು ನಿಲ್ಲದಂತೆ ಚರಂಡಿ. ಹತ್ತಿರ ಯಾರೂ ಇಲ್ಲದಾಗ ಒಂದೆರಡು ಒಳ್ಳೆಯ ಮಾತು. ಅವರ ತೋಟದಲ್ಲಿ ಕಾಫಿಯೂ ಇತ್ತು. ಆದರೆ ಕಾಫಿಯನ್ನು ಅವರು ನೆಂಟರಂತೆ ನೋಡಿಕೊಳ್ಳುತ್ತಿದ್ದರು, ಮೆಣಸನ್ನು ಮಕ್ಕಳಂತೆ. ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆ ಹೋಗುವ ಜೀಪುಗಳು ತಮ್ಮ ಬೇಲಿ ಶುರುವಾದ ಕೂಡಲೇ ಬಳ್ಳಿ ನೋಡಲೆಂದು ನಿಧಾನವಾಗುತ್ತವೆ ಎಂಬುದು ಅವರ ನಂಬಿಕೆ. ಅಲ್ಲೊಂದು ತಿರುವು ಇದೆ, ನಿಧಾನವಾಗದಿದ್ದರೆ ಚರಂಡಿಗೆ ಬೀಳುತ್ತವೆ ಎಂದು ಹೆಂಡತಿ ರುದ್ರಾಣಿ ಒಮ್ಮೆ ಹೇಳಿ ನೋಡಿದ್ದರು. ಪ್ರಯೋಜನವಾಗಲಿಲ್ಲ.

ಅಂಥ ತೋಟದ ಅಂಥ ರಸ್ತೆ ಬದಿಯಲ್ಲಿ, ಸಿಲ್ವರ್ ಓಕ್ ಮರಕ್ಕೆ ಒಂದು ತಗಡಿನ ಫಲಕ ಬಂದು ಕೂತಿತು: ‘ಉಪಚಾರ ೫’. ಐದನೆಯ ಉಪಚಾರವೆಂದರೆ ಏನೂ ಮಾಡದೇ ಇರುವುದು.

“ಏನೂ ಮಾಡದೇ ಇರೋದೂ ಒಂದು ಟ್ರೀಟ್‌ಮೆಂಟಾ?” ಎಂದು ಮಲ್ಲಿಕಾರ್ಜುನಪ್ಪ ಕೇಳಿದರು.

“ಹೌದು ಕಾಕಾ, ತುಂಬಾ ಮುಖ್ಯ ಟ್ರೀಟ್‌ಮೆಂಟು,” ಎಂದಳು ಫಲಕ ತಂದಿದ್ದ ತೋಟಗಾರಿಕೆ ಕಾಲೇಜಿನ ಹುಡುಗಿ ಮರ್ಜಿಯಾ. “ಏನೂ ಮಾಡದಿದ್ರೆ ಬಳ್ಳಿ ಏನಾಗ್ತಾರೆ ಅಂತ ಗೊತ್ತಾದ್ರೇ, ಮಾಡಿದ್ದರಿಂದ ಏನಾದ್ರು ಅಂತ ಗೊತ್ತಾಗೋದು.”

“ನಮ್ಮ ಪಕ್ಕದ ತೋಟದ ಓಂಕಾರಮೂರ್ತಿ ಇಪ್ಪತ್ತು ವರ್ಷದಿಂದ ಅದನ್ನೇ ಮಾಡ್ತಾ ಬಂದಿದಾನೆ. ಅವನಿಗೆ ಯಾರೂ ಡಿಗ್ರಿ ಕೊಡ್ಲಿಲ್ಲವಲ್ಲ!”

ಮರ್ಜಿಯಾ ಬಳ್ಳಿಗೂ ಬಹುವಚನ ಹಚ್ಚುತ್ತಿದ್ದಳು, ನಾಯಿಗೂ ಹಚ್ಚುತ್ತಿದ್ದಳು. ಯಾರಿಗೆ ಎಷ್ಟು ಗೌರವವೆಂದು ಗೊತ್ತಾಗದಿದ್ದರೆ ಎಲ್ಲರಿಗೂ ಕೊಟ್ಟುಬಿಡು, ಯಾರೂ ಜಗಳಕ್ಕೆ ಬರುವುದಿಲ್ಲ ಎಂದು ಹಾಸ್ಟೆಲಿನ ಅಡುಗೆಯ ಅಂಜನಮ್ಮ ಹೇಳಿಕೊಟ್ಟಿದ್ದರಂತೆ. ಹಾಗಾಗಿ ಮಲ್ಲಿಕಾರ್ಜುನಪ್ಪನವರ ಮನೆಯ ನಾಯಿ ಅವಳು ಬಂದ ದಿನ ‘ಬಂದ್ರು’, ‘ಕೂತ್ರು’, ‘ಬೊಗಳಿದ್ರು’. ನಾಯಿಗೆ ಇದು ಹಿಡಿಸಿತ್ತು.

ಅವಳ ಊರು ಗಜ್ನಿಯ ಕಡೆಯ ಬೆಟ್ಟದ ಸೀಮೆ. ಅಪ್ಪನದು ಬಾದಾಮಿ ತೋಟ. ಅಲ್ಲಿ ಗಿಡಕ್ಕೆ ನೀರು ತರುವುದೇ ಕೆಲಸ, ಇಲ್ಲಿ ಗಿಡದಿಂದ ನೀರು ಓಡಿಸುವುದೇ ಕೆಲಸ ಎಂದು ಅವಳು ಮೊದಲ ಮಳೆಗಾಲದಲ್ಲೇ ಕಂಡುಕೊಂಡಿದ್ದಳು. ತೋಟಗಾರಿಕೆ ಓದಲೆಂದು ವಿದ್ಯಾರ್ಥಿವೇತನದ ಮೇಲೆ ಮೂಡಿಗೆರೆಗೆ ಬಂದು ಎರಡನೇ ವರ್ಷದಲ್ಲಿದ್ದಾಗ ಕಾಬೂಲಿನಲ್ಲಿ ಸರ್ಕಾರ ಬಿತ್ತು. ಹೊಸದಾಗಿ ಬಂದವರು ಆರನೇ ಕ್ಲಾಸಿನ ಮೇಲೆ ಹೆಣ್ಣುಮಕ್ಕಳಿಗೆ ಶಾಲೆ ಬೇಡವೆಂದರು. ರಜಕ್ಕೆ ಊರಿಗೆ ಹೋಗಬೇಕೆಂದು ತೆಗೆದಿಟ್ಟಿದ್ದ ಸೂಟ್‌ಕೇಸನ್ನು ಅವಳು ಮತ್ತೆ ಮಂಚದ ಕೆಳಗೆ ತಳ್ಳಿದಳು. ಅವಳ ಜೊತೆ ಬಂದಿದ್ದ ಇಬ್ಬರು ಹುಡುಗರಲ್ಲಿ ಒಬ್ಬ ಕೆನಡಾದ ದಾರಿ ಹಿಡಿದ, ಇನ್ನೊಬ್ಬ ದೆಹಲಿಯ ಹೋಟೆಲೊಂದರಲ್ಲಿ ರೊಟ್ಟಿ ಸುಡಲು ಹೋದ. ಇವಳು ಬಿಎಸ್ಸಿ ಮುಗಿಸಿ ಎಂಎಸ್ಸಿಗೆ ಸೇರಿದಳು. ಮಿಕ್ಕವರು ಕೆಲಸಕ್ಕಾಗಿ ಓದುತ್ತಾರೆ; ಇವಳು ಓದುವುದು ಕಾಲೂರುವ ನೆಲಕ್ಕಾಗಿ. ಓದುತ್ತಿರುವವರೆಗೆ ವೀಸಾ, ವೀಸಾ ಇರುವವರೆಗೆ ಈ ದೇಶ. ಬೆಂಗಳೂರಿನಲ್ಲಿ ಪಿಎಚ್‌ಡಿಗೆ ಒಂದು ಸೀಟು ಇಟ್ಟಿದ್ದರು, ಡಿಸೆಂಬರಿನೊಳಗೆ ಎಂಎಸ್ಸಿ ಪ್ರಬಂಧ ಕೊಟ್ಟರೆ. ಕೊಡಬೇಕಾದರೆ ಎರಡು ಮಳೆಗಾಲದ ಪ್ರಯೋಗ ಮುಗಿಯಬೇಕು. ಮೆಣಸಿನ ಸೊರಗು ರೋಗವನ್ನು, ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿದ ಒಂದು ಒಳ್ಳೆಯ ಶಿಲೀಂಧ್ರದಿಂದ ತಡೆಯಬಹುದೇ ಎಂಬುದು ಪ್ರಯೋಗ. ಬೆಳೆಗಾರರ ತೋಟದಲ್ಲೇ ಮಾಡಬೇಕೆಂದು ಅವಳ ಗೈಡ್ ಪ್ರೊಫೆಸರ್ ಷಡಕ್ಷರಿ ಹಟ ಹಿಡಿದರು. ಷಡಕ್ಷರಿ ಮಲ್ಲಿಕಾರ್ಜುನಪ್ಪನವರಿಗೆ ದೂರದ ನೆಂಟ. ನೆಂಟಸ್ತಿಕೆಯಲ್ಲಿ ಇಂಥ ಅಪಾಯಗಳಿರುತ್ತವೆ.

ಜಾಗವನ್ನು ನಾಲ್ಕು ಭಾಗ ಮಾಡಿ, ಪ್ರತಿ ಭಾಗದ ಐದು ಸಾಲಿಗೆ ಐದು ಉಪಚಾರವನ್ನು ಚೀಟಿ ಎತ್ತಿ ಹಂಚಿದ್ದರು. ಚೀಟಿ ಹಾಕಿದ್ದು ಇಡ್ಲಿ ಹಿಟ್ಟಿನ ಪಾತ್ರೆಗೆ, ಎತ್ತಿದವರು ರುದ್ರಾಣಿ. ಏನೂ ಮಾಡದ ನಾಲ್ಕು ಸಾಲುಗಳಲ್ಲಿ ಎರಡು ಹಳ್ಳದ ಕಡೆಗೆ ಬಿದ್ದವು, ಎರಡು ನೆಟ್ಟಗೆ ರಸ್ತೆಯ ಬದಿಗೆ.

“ನಿನ್ನ ಕೈಯೋ, ಏನದು!” ಎಂದು ಮಲ್ಲಿಕಾರ್ಜುನಪ್ಪ ಹೆಂಡತಿಯನ್ನು ಬೈದು, ಮರ್ಜಿಯಾಳ ಕಡೆ ತಿರುಗಿ ದನಿ ಇಳಿಸಿದರು. “ಆ ಎರಡನ್ನೂ ಒಳಗೆ ಹಾಕ್ಕೊಳಮ್ಮ. ಅಲ್ಲಿ ತಂಪು. ನಿಂಗೂ ನೆರಳು.”

“ಚೀಟಿ ಬಂದಾಯ್ತು ಕಾಕಾ. ಜಾಗ ನಾವು ಆರಿಸಿದ್ರೆ ಪ್ರಯೋಗ ಸುಳ್ಳಾಗ್ತದೆ.”

ಚೀಟಿ ಎಲ್ಲಿ ಬಿದ್ದಿತೋ ಅಲ್ಲೇ ಬೇರೂರಬೇಕೆಂಬ ಪಾಠವನ್ನು ಅವಳು ಕಾಲೇಜಿಗೆ ಬಂದು ಕಲಿತದ್ದಲ್ಲ.

ಮೊದಲ ವರ್ಷ ಮಳೆ ಹದವಾಗಿತ್ತು, ರೋಗವೂ ಹದವಾಗಿತ್ತು, ಮಾನ ಉಳಿಯಿತು. ಮರ್ಜಿಯಾ ವಾರವಾರ ಕಾಲೇಜಿನಿಂದ ಬಸ್ಸಿನಲ್ಲಿ ಬಂದು ಎಲೆಗಳ ಫೋಟೋ ತೆಗೆಯುವಳು. ಆ ಫೋಟೋಗಳು ಅವಳ ತಂಗಿ ಹಕೀಮಾಗೆ ಹೋಗುತ್ತಿದ್ದವು. ಹಕೀಮಾಗೆ ಹದಿನಾರು, ಶಾಲೆ ಬಿಡಿಸಿದ್ದರಿಂದ ಮನೆಯಲ್ಲೇ. ಅಕ್ಕನ ಹಳೆಯ ಪುಸ್ತಕ ಓದುವುದು, ನೆಟ್ಟು ಬಂದಾಗ ಮಲೆನಾಡಿನ ಮೆಣಸಿನ ಹಳದಿ ಎಲೆ ಎಣಿಸಿ ಲೆಕ್ಕ ಕಳಿಸುವುದು, ಇದು ಅವಳ ಶಾಲೆ. ಎರಡು ಕಣ್ಣಿಗಿಂತ ನಾಲ್ಕು ಕಣ್ಣಿನ ಎಣಿಕೆ ಒಳ್ಳೆಯದೆಂದು ಷಡಕ್ಷರಿಯೂ ಒಪ್ಪಿದ್ದರು.

“ಗಜ್ನಿಯೋಳಾ?” ಎಂದು ಓಂಕಾರಮೂರ್ತಿ ಮೊದಲ ಸಲ ಕೇಳಿದಾಗ ಅವರ ಹುಬ್ಬು ತಲೆಗೂದಲು ಮುಟ್ಟಿತ್ತು. “ಹದಿನೇಳು ಸಲ ದಂಡೆತ್ತಿ ಬಂದಿದ್ನಲ್ಲ, ಸ್ಕೂಲಲ್ಲಿ ಬಾಯಿಪಾಠ ಮಾಡ್ಸಿದ್ರು, ಅವನ ಊರು?”

“ಅವನು ಹದಿನೇಳು ಸಲ ಬಂದು ಹದಿನೇಳು ಸಲಾನೂ ಮನೆಗೆ ಹೋದ,” ಎಂದರು ರುದ್ರಾಣಿ, ಅಕ್ಕಿರೊಟ್ಟಿ ತಿರುವುತ್ತ. “ಇವಳು ಒಂದೇ ಸಲ ಬಂದಿದಾಳೆ ಪಾಪ, ಹೋಗಕ್ಕಾಗ್ತಿಲ್ಲ. ನಿಮಗೆ ಚಟ್ನಿ ಹಾಕ್ಲಾ?”

ಓಂಕಾರಮೂರ್ತಿ ಚಟ್ನಿ ಹಾಕಿಸಿಕೊಂಡರು. ಇತಿಹಾಸದ ಚರ್ಚೆ ಅಲ್ಲಿಗೆ ಮುಗಿಯಿತು.

ಎರಡನೇ ಮಳೆಗಾಲ ಹಾಗಿರಲಿಲ್ಲ. ಆರಿದ್ರದಲ್ಲಿ ಹಿಡಿದ ಮಳೆ ಪುನರ್ವಸು ಮುಗಿದರೂ ಬಿಡಲಿಲ್ಲ. ಮರ್ಜಿಯಾಳ ಶಿಲೀಂಧ್ರ ಹಾಕಿದ ಸಾಲು ಹಸಿರಾಗಿಯೇ ನಿಂತಿತ್ತು, ಬೋರ್ಡೋ ಹೊಡೆದದ್ದೂ ಪರವಾಗಿಲ್ಲ. ಏನೂ ಮಾಡದ ಸಾಲುಗಳು ಮಾತ್ರ ಪ್ರಯೋಗಕ್ಕೆ ಎಷ್ಟು ಬೇಕೋ ಅಷ್ಟು ಚೆನ್ನಾಗಿ ಹಾಳಾಗತೊಡಗಿದವು. ರಸ್ತೆ ಬದಿಯ ಎಲೆಗಳು ಹಳದಿಗೆ ತಿರುಗಿ ಜೋಲು ಬಿದ್ದವು.

ಓಂಕಾರಮೂರ್ತಿಯ ಜೀಪು ಈಗ ನಿಜವಾಗಿಯೂ ಬಳ್ಳಿ ನೋಡಲೆಂದೇ ನಿಧಾನವಾಗತೊಡಗಿತು.

“ಏನು ಮಲ್ಲಿಕಾರ್ಜುನಪ್ಪ, ಅರಿಶಿನ ಶಾಸ್ತ್ರ ಮುಗೀತು, ಮದುವೆ ಯಾವಾಗ ಮಾರಾಯ?”

“ಅದು ಪ್ರಯೋಗ ಕಣೋ. ಬೋರ್ಡ್ ಓದು.”

“ಓದ್ದೆ. ಹೋಗೋ ಬರೋರೆಲ್ಲ ಜೀಪು ನಿಲ್ಸಿ ಬೋರ್ಡ್ ಓದ್ತಾರಾ? ಬಳ್ಳಿ ನೋಡ್ತಾರೆ, ಮುಂದಕ್ಕೆ ಹೋಗ್ತಾರೆ. ಅಂದಂಗೆ, ಶನಿವಾರ ಬೆಳೆಗಾರರ ಸಂಘದೋರು ನನ್ನ ಹೊಸ ಡ್ರೈಯರ್ ನೋಡಕ್ಕೆ ಬರ್ತಿದಾರೆ. ಸಂಸೆಯಿಂದ, ಮಲ್ಲಂದೂರಿಂದ ಎಲ್ಲಾ ಬರ್ತಾರೆ. ಇದೇ ರಸ್ತೇಲೇ.”

ಸಂಘದವರು ಎಂದರೆ, ಹನ್ನೊಂದು ವರ್ಷದ ಹಿಂದೆ ಮಲ್ಲಿಕಾರ್ಜುನಪ್ಪನವರಿಗೆ ಶಾಲು ಹೊದಿಸಿ ‘ಮೆಣಸಿನ ಸಾಧಕ’ ಎಂದು ಬರೆದ ಫಲಕ ಕೊಟ್ಟವರು. ಶುಕ್ರವಾರ ಮಧ್ಯಾಹ್ನದವರೆಗೆ ಅವರು ತಡೆದುಕೊಂಡರು. ಊಟವಾದ ಮೇಲೆ ರಸ್ತೆಗೆ ಹೋಗಿ ನಿಂತು ಬಳ್ಳಿ ನೋಡಿದರು. ಮೇಸ್ತ್ರಿ ಚನ್ನಕೇಶವನನ್ನು ಕರೆದರು. ಬೋರ್ಡೋ ಹೊಡೆದರೆ ಎಲೆಯ ಮೇಲೆ ನೀಲಿ ಕಲೆ ನಿಲ್ಲುತ್ತದೆ. ಬಣ್ಣವಿಲ್ಲದ ಔಷಧಿಯೊಂದು ಸ್ಟೋರಿನಲ್ಲಿ ಇತ್ತು. ಅದನ್ನೇ ಎರಡೂ ಸಾಲಿನ ಎಲೆಗೆ ಹೊಡೆಸಿ ಬುಡಕ್ಕೂ ಹಾಕಿಸಿದರು. ಉದುರುವಂತಿದ್ದ ಹಳದಿ ಎಲೆಗಳನ್ನು ತಾವೇ ನಿಂತು ಕೀಳಿಸಿದರು.

“ಆ ಹುಡುಗಿ ಬೇಡ ಅಂದಿದ್ರಲ್ಲ ಅಯ್ಯ?” ಎಂದ ಚನ್ನಕೇಶವ.

“ಒಂದೇ ಸಲ ಕಣೋ. ಪಾಪ, ಎಷ್ಟು ಸಾವು ನೋಡಿ ಬಂದಿದೆಯೋ ಆ ಮಗು. ಇಲ್ಲೂ ಅದರ ಕೈಯಲ್ಲಿ ಬಳ್ಳಿ ಸಾಯ್ಬೇಕಾ?”

ಕೆಲಸ ಮುಗಿದ ಮೇಲೆ ಕಾರಣ ಹೊಳೆಯುವುದು ಲೋಕರೂಢಿ. ಈ ಕಾರಣ ಮಾತ್ರ ಹೇಳುವಷ್ಟರಲ್ಲೇ ಮಲ್ಲಿಕಾರ್ಜುನಪ್ಪನವರಿಗೆ ಎಷ್ಟು ಹಿಡಿಸಿತೆಂದರೆ, ಅವರ ಕಣ್ಣು ಸ್ವಲ್ಪ ಒದ್ದೆಯಾಯಿತು. ಶನಿವಾರ ಸಂಘದವರು ಬಂದರು, ಜೀಪುಗಳು ತಿರುವಿನಲ್ಲಿ ನಿಧಾನವಾದವು, ಯಾರೂ ಏನೂ ಅನ್ನಲಿಲ್ಲ.

ಆಮೇಲೆ ನಡೆಯಬೇಕಾದದ್ದು ನಡೆಯಿತು. ಹಳ್ಳದ ಕಡೆಯ ಎರಡು ಸಾಲು ಪೂರ್ತಿ ಸತ್ತವು. ರಸ್ತೆಯ ಎರಡು ಸಾಲು ಚಿಗುರಿದವು.

ಅದನ್ನು ಕಂಡ ದಿನ ಮರ್ಜಿಯಾ ಮನೆಯವರೆಗೆ ಓಡಿ ಬಂದಳು. ಅವಳು ಓಡಿದ್ದನ್ನು ರುದ್ರಾಣಿ ಅದುವರೆಗೆ ನೋಡಿರಲಿಲ್ಲ.

“ಕಾಕಾ! ಅಮ್ಮಾ! ಬದುಕಿದ್ರು! ಒಂದೇ ರೋಗ, ಒಂದೇ ಮಳೆ, ಯಾರೂ ಏನೂ ಮಾಡ್ಲಿಲ್ಲ. ಒಳಗಿನವರು ಸತ್ರು, ಇವರು ತಾವಾಗೇ ಎದ್ರು. ಇವರಲ್ಲಿ ಏನೋ ಇದೆ ಕಾಕಾ. ತಡೆಯೋ ಶಕ್ತಿ.”

ಮಲ್ಲಿಕಾರ್ಜುನಪ್ಪ ಲೋಟ ಕೆಳಗಿಟ್ಟರು. ಪ್ರಯೋಗ ಸ್ವಲ್ಪ ಹೆಚ್ಚುಕಮ್ಮಿಯಾಗಬಹುದು ಎಂದಷ್ಟೇ ಎಣಿಸಿದ್ದವರಿಗೆ, ತಮ್ಮ ಕೈಯಿಂದ ಒಂದು ಆವಿಷ್ಕಾರವೇ ನಡೆದುಹೋಗುತ್ತದೆಂದು ತೋಚಿರಲಿಲ್ಲ.

ಸುದ್ದಿ ಷಡಕ್ಷರಿಗೆ ಮುಟ್ಟಿತು. ರೋಗ ತಡೆಯುವ ಹೊಸ ಬಳ್ಳಿ ಎಂದರೆ ಇಡೀ ಮಲೆನಾಡೇ ಕಾಯುತ್ತಿರುವ ವಸ್ತು. ಕಾಲೇಜಿನಲ್ಲಿ ಬೆಳೆಗಾರರನ್ನು ಕರೆದು ಒಂದು ಸಂವಾದ ಇಡೋಣ, ಬೆಂಗಳೂರಿನವರೂ ಬರಲಿ, ನೀನು ಮಾತಾಡು ಎಂದರು. ಪ್ರಬಂಧ ಸಾಧಾರಣವಾಗಿದ್ದರೂ ಸೀಟಿಗೆ ಸಾಕಿತ್ತು. ಇದು ಸೇರಿದರೆ ಸೀಟೇ ಅವಳನ್ನು ಹುಡುಕಿಕೊಂಡು ಬರುತ್ತದೆ. ತಳಿಗೆ ಒಂದು ಹೆಸರು ಬೇಕಲ್ಲ, ಯೋಚಿಸು ಎಂದೂ ಹೇಳಿದರು. ಯೋಚಿಸಲು ಅವಳಿಗೇನಿತ್ತು? ‘ಹಕೀಮಾ’.

ಅದೇ ವಾರ ನೆಟ್ಟು ಚೆನ್ನಾಗಿದ್ದ ಒಂದು ಬೆಳಿಗ್ಗೆ, ಮರ್ಜಿಯಾ ರಸ್ತೆ ಬದಿಯಲ್ಲಿ ನಿಂತು ವಿಡಿಯೋದಲ್ಲಿ ತಂಗಿಗೆ ಬಳ್ಳಿ ತೋರಿಸಿದಳು. ಪರದೆಯಲ್ಲಿ ತಲೆಗೆ ಬಟ್ಟೆ ಹೊದ್ದ, ಅಕ್ಕನದೇ ಮೂಗಿನ ಹುಡುಗಿಯೊಬ್ಬಳು ಮಲ್ಲಿಕಾರ್ಜುನಪ್ಪನವರಿಗೆ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದಳು. ಇವರೂ ಬಾಗಿಸಿದರು. ಅವಳು ಏನೋ ಕೇಳಿದಳು, ಅಕ್ಕ ಏನೋ ಹೇಳಿದಳು, ತಂಗಿ ಇನ್ನೇನೋ ಹೇಳಿ ನಕ್ಕಳು.

“ಏನಂತೆ?” ಎಂದರು ರುದ್ರಾಣಿ.

“ನಿಜವಾಗ್ಲೂ ಯಾರೂ ಏನೂ ಮಾಡ್ಲಿಲ್ವಾ ಅಂತ ಕೇಳಿದ್ಲು. ಇಲ್ಲ, ತಾವಾಗೇ ಬದುಕಿದ್ರು ಅಂದೆ.” ಮರ್ಜಿಯಾ ಬಳ್ಳಿಯ ಕಡೆ ನೋಡುತ್ತ ಹೇಳಿದಳು. “ಹಾಗಾದ್ರೆ ನಾನೂ ಬದುಕ್ತೀನಿ ಅಂತಿದಾಳೆ.”

ಮಲ್ಲಿಕಾರ್ಜುನಪ್ಪ ಚರಂಡಿ ಕಟ್ಟಿಕೊಂಡಿದೆಯೇ ನೋಡಲು ಹೋದರು. ಕಟ್ಟಿಕೊಂಡಿರಲಿಲ್ಲ. ಆದರೂ ಬಹಳ ಹೊತ್ತು ನೋಡಿದರು.

ಮರುದಿನದಿಂದ ಅವರ ಕಾಫಿಗೆ ಸಕ್ಕರೆ ಬೀಳುವುದು ನಿಂತಿತು.

“ಸಕ್ಕರೆ ಎಲ್ಲೇ?”

“ಇದು ಐದನೇ ಉಪಚಾರ,” ಎಂದರು ರುದ್ರಾಣಿ. “ಏನೂ ಹಾಕದೇ ಇದ್ರೆ ಮನುಷ್ಯ ಏನಾಗ್ತಾನೆ ಅಂತ ನೋಡ್ತಿದೀನಿ.”

“ಚನ್ನಕೇಶವ ಹೇಳಿದ್ನಾ?”

“ಅವನ್ಯಾಕೆ ಹೇಳ್ಬೇಕು? ಮಳೇಲಿ ಸುಮ್ಮಸುಮ್ಮನೆ ಚರಂಡಿ ನೋಡಕ್ಕೆ ಹೋಗೋ ಗಂಡನ್ನ ಮೂವತ್ತೈದು ವರ್ಷದಲ್ಲಿ ನಾನು ಕಂಡಿಲ್ಲ. ಆಮೇಲೆ ಚನ್ನಕೇಶವನ್ನ ಕೇಳ್ದೆ, ಹೇಳ್ದ.”

“ಈಗ ಹೇಳಿದ್ರೆ ಆ ಹುಡುಗಿ ಗತಿ ಏನು? ಸೀಟು ಹೋಗತ್ತೆ. ಹೇಳ್ದೇ ಇದ್ರೆ ಯಾರಿಗೇನು ನಷ್ಟ? ಒಂದು ಬಳ್ಳಿಗೆ ಒಂದು ಹೆಸರು ಬರತ್ತೆ ಅಷ್ಟೆ.”

ರುದ್ರಾಣಿ ಸಕ್ಕರೆ ಡಬ್ಬಿಯ ಮುಚ್ಚಳ ಬಿಗಿ ಮಾಡಿ ಮೇಲಿನ ಹಲಗೆಗೆ ಏರಿಸಿದರು.

ಸಂವಾದದ ದಿನ ಮರ್ಜಿಯಾ ಬೆಳಿಗ್ಗೆಯೇ ಬಂದು ರಸ್ತೆ ಬದಿಯ ಬಳ್ಳಿಯಿಂದ ಕೆಲವು ಕುಡಿ ಕತ್ತರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿಕೊಂಡಳು. ಕಾಲೇಜಿನವರೆಗೆ ಜೀಪಿನಲ್ಲಿ ಬಿಡುತ್ತೇನೆಂದು ಮಲ್ಲಿಕಾರ್ಜುನಪ್ಪ ಹೊರಟರು. ಅರ್ಧ ದಾರಿಯಲ್ಲಿ ಒಂದು ಹೊನ್ನೆ ಮರ ರಸ್ತೆಗೆ ಅಡ್ಡ ಬಿದ್ದಿತ್ತು. ನಾಲ್ಕಾರು ಜನ ಗರಗಸ ಹಿಡಿದು, ಯಾವ ಕೊಂಬೆಯಿಂದ ಶುರು ಮಾಡಬೇಕೆಂದು ವಾದ ಮಾಡುತ್ತಿದ್ದರು. ವೈಪರು ಅತ್ತಿಂದಿತ್ತ ಆಡುತ್ತಿತ್ತು. ಮರ್ಜಿಯಾ ತೊಡೆಯ ಮೇಲೆ ಗೋಣಿಯ ಕಟ್ಟು ಇಟ್ಟುಕೊಂಡು ತನ್ನ ಮಾತನ್ನು ತುಟಿಯಲ್ಲೇ ಅಭ್ಯಾಸ ಮಾಡುತ್ತಿದ್ದಳು.

“ಆ ಬಳ್ಳಿ ತಾನಾಗಿ ಬದುಕಿದ್ದಲ್ಲಮ್ಮ,” ಎಂದರು ಮಲ್ಲಿಕಾರ್ಜುನಪ್ಪ.

ಅವಳು ನಕ್ಕಳು. “ಮತ್ತೆ? ದೇವರು ಬದುಕಿಸಿದ್ರಾ?”

“ನಾನು. ಔಷಧಿ ಹೊಡೆಸಿದೆ.”

ಹೊರಗೆ ಗರಗಸ ಶುರುವಾಯಿತು. ಮರ್ಜಿಯಾ ಅಳುತ್ತಾಳೆ ಎಂದು ಅವರು ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಅವಳು ಅಳಲಿಲ್ಲ.

“ಯಾವ ಔಷಧಿ?”

ಹೇಳಿದರು.

“ಎಷ್ಟು?”

ಅದನ್ನೂ ಹೇಳಿದರು.

“ಯಾವತ್ತು?”

“ಸಂಘದೋರು ಬರೋ ಹಿಂದಿನ ದಿನ. ನೋಡಕ್ಕಾಗ್ಲಿಲ್ಲ ಕಣಮ್ಮ. ಕಣ್ಣೆದುರಿಗೆ ಬಳ್ಳಿ ಸಾಯೋದು ನೋಡಕ್ಕಾಗ್ಲಿಲ್ಲ.”

“ಹಳ್ಳದ ಕಡೆ ಸಾಲಿಗೂ ಹೊಡೆದ್ರಾ?”

“ಇಲ್ಲ.”

“ಅವರೂ ಸಾಯ್ತಿದ್ರಲ್ಲ ಕಾಕಾ.”

“ಅದು ರಸ್ತೆಗೆ ಕಾಣಲ್ಲ,” ಎಂದುಬಿಟ್ಟರು ಮಲ್ಲಿಕಾರ್ಜುನಪ್ಪ.

ಹೇಳಿದ ಮೇಲೆ ಅವರ ಕಿವಿಗೇ ಅದು ಕೇಳಿಸಿತು. ಕರುಣೆಯೆಂದು ಇಷ್ಟು ದಿನ ತಾವು ಸಾಕಿಕೊಂಡು ಬಂದದ್ದರ ಅಳತೆ ರಸ್ತೆಯಿಂದ ಕಣ್ಣು ಹಾಯುವಷ್ಟು ದೂರ ಮಾತ್ರ ಎಂಬುದು, ಯಾರೂ ಬಿಡಿಸಿ ಹೇಳದೆಯೇ ಅವರಿಗೆ ತಿಳಿಯಿತು.

“ನನಗೆ ಇದೊಂದೇ ಮಳೆಗಾಲ ಇತ್ತು,” ಎಂದಳು ಮರ್ಜಿಯಾ. ಅವಳ ದನಿ ಮೇಲೇರಲಿಲ್ಲ, ಏರಿದ್ದರೆ ಚೆನ್ನಾಗಿತ್ತು. “ಹಕೀಮಾಗೆ ನಾನು ಏನು ಹೇಳ್ಲಿ?”

“ಗೊತ್ತಿಲ್ಲಮ್ಮ. ಹೇಳದೇ ಇದ್ದುಬಿಡೋಣ ಅಂತಲೂ ಯೋಚ್ನೆ ಮಾಡ್ದೆ. ನಿನ್ನ ಸೀಟಾದ್ರೂ ಉಳೀತಿತ್ತು.”

“ಉಳೀತಿತ್ತು. ಆಮೇಲೆ ಯಾರೋ ರೈತರು ಈ ಕುಡಿ ತಗೊಂಡು ಹೋಗಿ ನೆಡ್ತಿದ್ರು. ಹಕೀಮಾಗೆ ಏನೂ ಮಾಡ್ಬೇಕಾಗಿಲ್ಲ, ತಾನಾಗೇ ಬದುಕ್ತಾಳೆ ಅಂತ ನಂಬಿ ಸುಮ್ಮನೆ ಬಿಡ್ತಿದ್ರು.” ಅವಳು ಗೋಣಿಯ ಕಟ್ಟನ್ನು ನೋಡಿದಳು. “ಒಂದು ಮಳೆಗಾಲ ಸಾಕಿತ್ತು ಅವಳು ಸಾಯಕ್ಕೆ.”

ಮರ ಸರಿಯಿತು. ಜೀಪು ಹೊರಟಿತು. ಕಾಲೇಜಿನ ಗೇಟಿನಲ್ಲಿ ಇಳಿದವಳೇ ಅವಳು ಷಡಕ್ಷರಿಯವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬಂದಾಗ ಷಡಕ್ಷರಿಯವರ ಕಣ್ಣು ತಮ್ಮ ನೆಂಟನನ್ನು ಹುಡುಕುತ್ತಿತ್ತು. ನೆಂಟ ಕಂಬದ ಹಿಂದೆ ಇದ್ದರು.

ಸಭೆಯಲ್ಲಿ ಮಲ್ಲಿಕಾರ್ಜುನಪ್ಪ ಹಿಂದಿನ ಸಾಲಿಗೆ ಹೋದರು. ಅಲ್ಲಿ ಓಂಕಾರಮೂರ್ತಿ ಮೊದಲೇ ಕೂತು ಜಾಗ ಹಿಡಿದಿದ್ದರು. ಬೆಂಗಳೂರಿನವರು ಇಬ್ಬರು ಮುಂದೆ ಕೂತಿದ್ದರು. ಬೆಳೆಗಾರರೇ ಹೆಚ್ಚಾಗಿದ್ದರಿಂದ ಮರ್ಜಿಯಾ ಕನ್ನಡದಲ್ಲೇ ಮಾತಾಡಿದಳು. ಒದ್ದೆ ಗೋಣಿಯ ಕಟ್ಟನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟಳು.

“ಇವತ್ತು ಹೊಸ ತಳಿ ತೋರಿಸ್ತೀವಿ ಅಂತ ನಿಮ್ಮನ್ನ ಕರೆದಿದ್ವಿ. ಇದು ಹೊಸ ತಳಿ ಅಲ್ಲ. ನಿಮ್ಮ ತೋಟದಲ್ಲಿರೋ ಬಳ್ಳೀನೇ. ರಸ್ತೆ ಬದಿ ಎರಡು ಸಾಲು ಸಾಯೋದನ್ನ ತೋಟದ ಯಜಮಾನರಿಗೆ ನೋಡಕ್ಕಾಗ್ಲಿಲ್ಲ. ಔಷಧಿ ಹೊಡೆಸಿದ್ರು. ಅದಕ್ಕೇ ಬಳ್ಳಿ ಬದುಕಿದ್ರು.”

“ಯಾರಮ್ಮ ಆ ಯಜಮಾನ?” ಎಂದು ಮಲ್ಲಂದೂರಿನ ಒಬ್ಬರು ಕೇಳಿದರು.

“ಹೆಸರು ಬೇಡ,” ಎಂದಳು ಮರ್ಜಿಯಾ.

ಅವಳು ಹೇಳುವ ಮೊದಲೇ ಸಭೆಯೆಲ್ಲ ಹಿಂದಕ್ಕೆ ತಿರುಗಿ ಮಲ್ಲಿಕಾರ್ಜುನಪ್ಪನವರನ್ನು ನೋಡುತ್ತಿತ್ತು. ಎರಡು ವರ್ಷ ‘ಉಪಚಾರ ೫’ರ ಫಲಕ ಯಾವ ತಿರುವಿನಲ್ಲಿ ನಿಂತಿತ್ತೆಂದು ತಿಳಿಯದವರು ಆ ಸೀಮೆಯಲ್ಲಿ ಇರಲಿಲ್ಲ. ಮೊದಲು ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ಅಣಕದ ನಗು ಎಂದುಕೊಂಡು ಮಲ್ಲಿಕಾರ್ಜುನಪ್ಪ ತಲೆ ತಗ್ಗಿಸಿದರು. ಓಂಕಾರಮೂರ್ತಿ ಅವರ ಮೊಣಕೈ ತಿವಿದರು.

“ತಲೆ ಎತ್ತು ಮಾರಾಯ. ಈ ಹಾಲ್‌ನಲ್ಲಿ ಹೊಡೆಸದೇ ಇರೋನು ಯಾವನಿದಾನೆ? ಸಂಘದೋರು ಬರ್ತಾರೆ ಅಂತ ನಾನೂ ಹೊಡೆಸ್ದೆ. ಇಪ್ಪತ್ತು ವರ್ಷದಲ್ಲಿ ಅದೇ ಮೊದ್ಲು.”

ನಗು ಇಳಿಯುವವರೆಗೆ ಮರ್ಜಿಯಾ ಕಾದಳು. ಪರದೆಯ ಮೇಲೆ ಅವಳ ಅಂಕಿಗಳ ಕೋಷ್ಟಕ ಬಂತು. ಅದರಲ್ಲಿ ಎರಡು ಮನೆ ಬೆಳ್ಳಗಿದ್ದವು.

“ಹಳ್ಳದ ಕಡೆ ಬಳ್ಳಿ ಸತ್ರು. ಅಲ್ಲಿ ಸೊನ್ನೆ ಬರೆದಿದೀನಿ. ರಸ್ತೆ ಬದಿಯವರು ಏನಾಗ್ತಿದ್ರು ಅಂತ ನಮಗೆ ಈಗ ಗೊತ್ತಾಗಲ್ಲ. ಅಲ್ಲಿ ಸೊನ್ನೆ ಬರೆಯೋ ಹಾಗಿಲ್ಲ. ಖಾಲಿ ಬಿಡ್ಬೇಕು. ಸೊನ್ನೆ ಬೇರೆ, ಖಾಲಿ ಬೇರೆ.” ಮುಂದಿನದು ಅಭ್ಯಾಸ ಮಾಡಿದ ಮಾತಾಗಿರಲಿಲ್ಲ. “ನನ್ನ ಜೊತೆ ಶಾಲೇಲಿ ಓದಿದ ಹುಡುಗಿಯರಿದ್ದಾರೆ, ನನ್ನ ತಂಗಿ ಇದಾಳೆ. ಅವರ ಹೆಸರಿನ ಮುಂದೆ ಈಗ ಏನೂ ಇಲ್ಲ. ನೋಡಿದವರು ಅದ್ನ ಸೊನ್ನೆ ಅಂತ ಓದ್ತಾರೆ. ಸೊನ್ನೆ ಅಲ್ಲ ಅದು.”

ಅಷ್ಟು ಹೇಳಿ ಶಿಲೀಂಧ್ರ ಹಾಕಿದ ಸಾಲಿನ ಲೆಕ್ಕಕ್ಕೆ ಹೋದಳು. ಯಾರೋ ಕೆಮ್ಮಿದರು. ಮುಂದಿದ್ದ ಬೆಂಗಳೂರಿನವರಲ್ಲಿ ಒಬ್ಬರು ಕನ್ನಡಕ ತೆಗೆದು ಒರೆಸಿಕೊಂಡು, ಖಾಲಿ ಮನೆಗಳನ್ನು ಬಿಟ್ಟರೆ ಉಳಿದ ಲೆಕ್ಕ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎಂದು ಕೇಳಿದರು. ಮೊದಲಿಗಿಂತ ಕಡಿಮೆ ಗಟ್ಟಿ, ಎಂದಳು ಮರ್ಜಿಯಾ.

ಆವಿಷ್ಕಾರ ಹೋಯಿತು. ಪ್ರಬಂಧ ಸಣ್ಣದಾಯಿತು, ಆದರೆ ಡಿಸೆಂಬರಿನಲ್ಲಿ ಒಳಗೆ ಹೋಯಿತು. ಎರಡು ಮನೆ ಖಾಲಿ ಯಾಕೆಂಬ ಕಾರಣದ ಕೆಳಗೆ ತೋಟದ ಹೆಸರು ಹಾಕುವುದಿಲ್ಲವೆಂದು ಅವಳು ಹೇಳಿದಳು. ಹಾಕು ಎಂದು ಮಲ್ಲಿಕಾರ್ಜುನಪ್ಪ ಹಟ ಮಾಡಿದರು. ಹಾಕಿದಳು. ಸೀಟು ಇಟ್ಟುಕೊಂಡವರು ಒಂದು ತಿಂಗಳು ಸುಮ್ಮನಿದ್ದರು. ಆ ತಿಂಗಳು ರುದ್ರಾಣಿ ಕಾಫಿಗೆ ಸಕ್ಕರೆ ಹಾಕುತ್ತಿದ್ದರೂ ಮಲ್ಲಿಕಾರ್ಜುನಪ್ಪನವರಿಗೆ ರುಚಿ ತಿಳಿಯಲಿಲ್ಲ. ಕೊನೆಗೆ ಒಂದು ಷರತ್ತಿನ ಮೇಲೆ ಸೀಟು ಬಂತು. ಇದೇ ಪ್ರಯೋಗವನ್ನು ಇನ್ನೊಂದು ಮಳೆಗಾಲ, ಅದೇ ತೋಟದಲ್ಲಿ, ಈ ಸಲ ಪೂರ್ತಿಯಾಗಿ ಮಾಡಬೇಕು.

“ಅದೇ ತೋಟ ಅಂತ ಯಾಕೆ ಬರೆದ್ರಂತೆ?” ಎಂದರು ಮಲ್ಲಿಕಾರ್ಜುನಪ್ಪ.

“ನಿಮ್ಮನ್ನೂ ಪರೀಕ್ಷೆ ಮಾಡಕ್ಕೆ ಇರ್ಬೇಕು,” ಎಂದರು ರುದ್ರಾಣಿ.

ತಂಗಿಗೆ ಏನು ಹೇಳಿದೆ ಎಂದು ಕೇಳಲು ಅವರಿಗೆ ಅಷ್ಟು ದಿನ ಧೈರ್ಯ ಬಂದಿರಲಿಲ್ಲ. ಬೆಂಗಳೂರಿಗೆ ಹೊರಡುವ ದಿನ ಮರ್ಜಿಯಾ ತಾನಾಗಿಯೇ ಹೇಳಿದಳು.

“ನಡೆದಿದ್ದನ್ನೇ ಹೇಳ್ದೆ ಕಾಕಾ. ತಾವಾಗೇ ಬದುಕಿದ್ದಲ್ಲ, ಒಬ್ರು ಮುದುಕರು ತಡೆಯಕ್ಕಾಗದೆ ಬದುಕಿಸಿದ್ರು ಅಂತ. ಎರಡು ದಿನ ಮಾತಾಡ್ಲಿಲ್ಲ. ಆಮೇಲೆ ಮೆಸೇಜ್ ಮಾಡಿದ್ಲು. ಅಂಥ ಮುದುಕರು ಇನ್ನೊಬ್ರು ಇದ್ರೆ ಇಲ್ಲಿಗೆ ಕಳಿಸು, ನಮ್ಮ ಮನೇನೂ ರಸ್ತೆ ಬದಿಗೇ ಇದೆ ಅಂತ.”

ಜೂನಿನಲ್ಲಿ ಅದೇ ಇಡ್ಲಿ ಹಿಟ್ಟಿನ ಪಾತ್ರೆಯಿಂದ ಮತ್ತೆ ಚೀಟಿ ಎತ್ತಿದರು. ಏನೂ ಮಾಡದ ಸಾಲುಗಳಲ್ಲಿ ಮೂರು ಒಳಗೆ ಹೋದವು. ನಾಲ್ಕನೆಯದು ಗೇಟಿನ ಪಕ್ಕಕ್ಕೆ, ಮಲ್ಲಿಕಾರ್ಜುನಪ್ಪನವರು ಸಂಘದ ಶಾಲು ಹೊದ್ದು ಫೋಟೋ ತೆಗೆಸಿಕೊಂಡಿದ್ದ ಬಳ್ಳಿಗಳ ಮೇಲೇ ಬಿತ್ತು. ರುದ್ರಾಣಿ ಗಂಡನ ಮುಖ ನೋಡದೆ ಪಾತ್ರೆ ತೊಳೆಯಲು ಹೋದರು.

ಬೆಂಗಳೂರಿನಲ್ಲಿ ಪಾಠವಿದ್ದುದರಿಂದ ಮರ್ಜಿಯಾಗೆ ವಾರವಾರ ಬರಲು ಆಗುತ್ತಿರಲಿಲ್ಲ. ಫೋಟೋ ತೆಗೆದು ನೇರವಾಗಿ ಗಜ್ನಿಯ ಕಡೆಗೆ ಕಳಿಸುವ ಕೆಲಸ ಮಲ್ಲಿಕಾರ್ಜುನಪ್ಪನವರದಾಯಿತು. ತಾವು ಎಣಿಸಿದ ಅಂಕಿಯನ್ನು ಇವರು ಬರೆದು ಕಳಿಸುವುದು, ಹಕೀಮಾ ತನ್ನ ಅಂಕಿ ಕಳಿಸುವುದು. ಇಬ್ಬರಿಗೂ ಮಾತಿನ ಭಾಷೆ ಬೇರೆ, ಅಂಕಿಯಲ್ಲಿ ತೊಂದರೆಯಿರಲಿಲ್ಲ.

ಜುಲೈ ಕೊನೆಯ ಒಂದು ಬೆಳಿಗ್ಗೆ ಅವರು ಛತ್ರಿ ಹಿಡಿದು ಗೇಟಿನ ಪಕ್ಕ ನಿಂತಿದ್ದರು. ಬಳ್ಳಿ ಅರ್ಧಕ್ಕರ್ಧ ಹಳದಿಯಾಗಿತ್ತು. ಓಂಕಾರಮೂರ್ತಿ ಜೀಪು ನಿಲ್ಲಿಸಿದರು.

“ಏನ್ ಮಾಡ್ತಿದೀಯ ಮಾರಾಯ, ಈ ಮಳೇಲಿ?”

“ಏನೂ ಮಾಡ್ತಿಲ್ಲ.”

“ಕಷ್ಟ ಅಲ್ವಾ?”

“ಮಾಡಿ ನೋಡು, ಗೊತ್ತಾಗತ್ತೆ.”

ಓಂಕಾರಮೂರ್ತಿ ಈ ಸಲ ನಗಲಿಲ್ಲ. ಬಳ್ಳಿಯನ್ನೊಮ್ಮೆ ನೋಡಿ, ಸಾವಿನ ಮನೆಯ ಮುಂದೆ ಹೋಗುವವರಂತೆ ಜೀಪನ್ನು ಮೆಲ್ಲಗೆ ಮುಂದೆ ಬಿಟ್ಟರು.

ಮಲ್ಲಿಕಾರ್ಜುನಪ್ಪ ಫೋಟೋ ಕಳಿಸಿದರು, ಎಲೆ ಎಣಿಸಿ ಅಂಕಿ ಕಳಿಸಿದರು. ಬಹಳ ಹೊತ್ತಿನ ಮೇಲೆ ಫೋನು ಸದ್ದು ಮಾಡಿತು. ಹಕೀಮಾಳ ಅಂಕಿ ಅವರದಕ್ಕಿಂತ ಒಂದು ಹೆಚ್ಚು. ಅದರ ಹಿಂದೆಯೇ ಅವರು ಕಳಿಸಿದ್ದ ಫೋಟೋ ಮರಳಿ ಬಂತು, ಒಂದು ಎಲೆಯ ಸುತ್ತ ಕೆಂಪು ಗೆರೆಯಲ್ಲಿ ಸುತ್ತು ಹಾಕಿತ್ತು.

ಅವರು ಆ ಎಲೆಯನ್ನು ಹುಡುಕಿದರು. ತುದಿಯಲ್ಲಷ್ಟೇ ಹಳದಿ ಹತ್ತಿದ ಎಳೆ ಎಲೆ. ಕಂಡಿತ್ತು ಅವರಿಗೆ. ಇದೊಂದು ಉಳಿಯಬಹುದೆಂದು ಲೆಕ್ಕಕ್ಕೆ ಹಿಡಿಯದೆ ಬಿಟ್ಟಿದ್ದರು.

ಛತ್ರಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಒದ್ದೆ ಬೆರಳನ್ನು ಪಂಚೆಗೆ ಒರೆಸಿ, ಅವರು ತಮ್ಮ ಅಂಕಿಯನ್ನು ಅಳಿಸಿ ಅವಳದನ್ನು ಬರೆದು ಕಳಿಸಿದರು.